‘ಇದು ಯಾರದು?’ ಎಂದು ಕೇಳಿಕೊಂಡು ಕೊಡಗು ಸುತ್ತುವುದು ಹೇಗೆ

ಹುಣಸೂರು ಬಿಟ್ಟ ಬಸ್ಸು ಆನೆಚೌಕೂರು ಗೇಟು ದಾಟಿ, ಕಾಡೊಳಗೆ ಸಾಗಿ, ತಿತಿಮತಿಯಲ್ಲಿ ಹೊರಬೀಳುವ ಹೊತ್ತಿಗೆ ಕಿಟಕಿಯಾಚೆ ಬೇಲಿಗಳು ಶುರುವಾಗಿರುತ್ತವೆ. ಬೇಲಿಯ ಹಿಂದೆ ಕಾಫಿ, ಕಾಫಿಯ ಮೇಲೆ ನೆರಳು ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ನಮ್ಮ ಬಯಲು ಕಡೆಯವರಿಗೆ ಇದೆಲ್ಲ ಒಂದೇ ಹಸಿರಾಗಿ ಕಾಣುತ್ತದೆ. ನನಗೂ ಮೊದಲ ನಾಲ್ಕೈದು ಸಲ ಹಾಗೇ ಕಂಡಿತ್ತು. ಅಬ್ಬಿ ನೋಡಿದೆ, ರಾಜಾಸೀಟಿನಲ್ಲಿ ಕೂತೆ, ಮಂಡಲಪಟ್ಟಿಗೆ ಜೀಪಿನಲ್ಲಿ ಹೋದೆ, ಮನೆಗೆ ಬಂದೆ. ಚೀಲದಲ್ಲಿ ಕಾಫಿಪುಡಿ ಇತ್ತು, ಹೇಳಲಿಕ್ಕೆ ಮಾತ್ರ ಏನೂ ಇರಲಿಲ್ಲ.

ಆಮೇಲೊಂದು ಮಳೆಗಾಲದಲ್ಲಿ, ಬಸ್ಸು ಕಾಯುತ್ತ ಕಕ್ಕಬ್ಬೆಯ ಅಂಗಡಿಯೊಂದರ ಮುಂದೆ ಕೂತಿದ್ದಾಗ, ಎದುರಿನ ದಟ್ಟ ಮರಗಳ ಗುಂಪನ್ನು ತೋರಿಸಿ ‘ಇದು ಯಾರ ತೋಟ?’ ಎಂದು ಕೇಳಿದೆ. ಅಂಗಡಿಯವರು ‘ಅದು ತೋಟವಲ್ಲ, ದೇವರದು’ ಎಂದರು. ಯಾವ ದೇವರದು, ಆ ದೇವರು ಯಾವ ಊರಿನದು, ಹಬ್ಬದಲ್ಲಿ ಯಾವ ಮನೆಯವರು ಏನು ಮಾಡುತ್ತಾರೆ ಎಂದೆಲ್ಲ ವಿವರಿಸುತ್ತ ಹೋದರು. ನನ್ನ ಬಸ್ಸು ಬಂದು ಹೋಯಿತು. ಅವತ್ತಿನಿಂದ ಕೊಡಗಿನಲ್ಲಿ ನನ್ನ ಮೊದಲ ಪ್ರಶ್ನೆ ‘ಇದೇನು?’ ಅಲ್ಲ, ‘ಇದು ಯಾರದು?’ ಎಂಬುದು. ಇಲ್ಲಿನ ಕಾಡು, ಗದ್ದೆ, ಓಣಿ, ಕೋವಿ, ಹಾಕಿ ತಂಡ ಎಲ್ಲಕ್ಕೂ ಒಂದು ಮನೆಯ ಅಥವಾ ಊರಿನ ಹೆಸರು ಅಂಟಿಕೊಂಡಿದೆ. ಆ ಹೆಸರು ಹಿಡಿದು ಹೋದರೆ ಎಲ್ಲೂ ಕಾಣದ ಜಾಗಗಳೂ ಜನರೂ ಎದುರಾಗುತ್ತಾರೆ. ಹೋಗುವುದು ಹೇಗೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಹವಾಮಾನ ನೋಡಿ ಅಲ್ಲ, ದಿನ ನೋಡಿ ಹೊರಡಿ

‘ಕೊಡಗಿಗೆ ಯಾವಾಗ ಹೋದರೆ ಚೆನ್ನ?’ ಎಂದು ಕೇಳಿದರೆ ಅಕ್ಟೋಬರ್‌ನಿಂದ ಮಾರ್ಚ್ ಎನ್ನುತ್ತಾರೆ. ಬೆಟ್ಟ ಹತ್ತುವವರಿಗೆ ಅದು ಸರಿ. ಜನರನ್ನು ನೋಡಬೇಕೆನ್ನುವವರು ಮಾತ್ರ ಕೊಡಗಿನ ದಿನಗಳನ್ನು ತಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು.

ಆಗಸ್ಟ್ 3ರ ಸುಮಾರಿಗೆ ಕಕ್ಕಡ ಪದಿನೆಟ್ಟ್, ಅಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನ. ಆ ದಿನಕ್ಕೆ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂಬುದು ಇಲ್ಲಿನ ನಂಬಿಕೆ. ಸೊಪ್ಪು ಬೇಯಿಸಿದ ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದರಲ್ಲೇ ಪಾಯಸ ಮಾಡುತ್ತಾರೆ. ಕೊಟ್ಟರೆ ಬೇಡ ಎನ್ನಬೇಡಿ. ಒಂದು ಮಾತು ಮೊದಲೇ ತಿಳಿದಿರಲಿ: ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ. ನನಗೆ ಯಾರೂ ಹೇಳಿರಲಿಲ್ಲ. ಮರುದಿನ ಬೆಳಿಗ್ಗೆ ಆಸ್ಪತ್ರೆ ಹುಡುಕಿಕೊಂಡು ಹೊರಟಿದ್ದೆ, ಲಾಡ್ಜಿನ ಹುಡುಗ ತಡೆದು ವಿಷಯ ಹೇಳಿದ.

ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್. ನಾಟಿ ಮುಗಿಸಿ, ಆಯುಧಗಳನ್ನು ಪೂಜಿಸುವ ಹಬ್ಬ. ಊರಿನವರು ಕೂಡುವ ಬಯಲಾದ ಮಂದ್‌ನಲ್ಲಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನೋಡಬಹುದು. ಅಕ್ಟೋಬರ್ 17ರ ಸುಮಾರಿಗೆ ತುಲಾ ಸಂಕ್ರಮಣ, ತಲಕಾವೇರಿಯಲ್ಲಿ ತೀರ್ಥೋದ್ಭವ. ಅಲ್ಲಿ ಜನಸಾಗರವಿರುತ್ತದೆ. ನನ್ನ ಸಲಹೆ ಕೇಳುವುದಾದರೆ, ಆ ಹೊತ್ತಿನಲ್ಲಿ ತಲಕಾವೇರಿಯಷ್ಟೇ ನೋಡತಕ್ಕದ್ದು ಗದ್ದೆಗಳಲ್ಲಿದೆ. ಬಳ್ಳಿಯನ್ನು ಬಳೆಯ ಹಾಗೆ ಸುತ್ತಿದ ಕೋಲುಗಳನ್ನು ಗದ್ದೆಯಲ್ಲಿ, ಬಾವಿಯ ಬಳಿ ನೆಟ್ಟಿರುತ್ತಾರೆ. ಅದಕ್ಕೆ ಬೊತ್ತ್ ಎನ್ನುತ್ತಾರೆ. ಮನೆಯೊಳಗೆ ಕಣಿ ಪೂಜೆ: ತರಕಾರಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಉಡಿಸಿ, ಒಡವೆ ತೊಡಿಸಿ, ಕಾವೇರಮ್ಮನೆಂದು ಮನೆಯವರೆಲ್ಲ ನಮಸ್ಕರಿಸುತ್ತಾರೆ. ನದಿಯೊಂದು ಮನೆಮಗಳಾಗಿ ಕೂರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಪುತ್ತರಿ, ನಾವು ಹುತ್ತರಿ ಎನ್ನುವ ಸುಗ್ಗಿಯ ಹಬ್ಬ. ಮುಹೂರ್ತ ಗೊತ್ತಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ. ಅದು ಪತ್ರಿಕೆಗಳಲ್ಲಿ ಬರುವವರೆಗೆ ಟಿಕೆಟ್ ಕಾದಿರಿಸಬೇಡಿ. ಮಾರ್ಚ್ ಆಸುಪಾಸಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂಥ ಘಮ ಹರಡುತ್ತದೆ, ಎರಡು ಮೂರು ದಿನಕ್ಕೆ ಮುಗಿಯುತ್ತದೆ. ಅದಕ್ಕೆ ದಿನ ಹೇಳಬಲ್ಲವರಿಲ್ಲ. ಏಪ್ರಿಲ್‌–ಮೇ ತಿಂಗಳಲ್ಲಿ ಹಾಕಿ, ಮೇನಲ್ಲಿ ಕುಂಡೆ ಹಬ್ಬ. ಇವೆರಡಕ್ಕೂ ಮುಂದೆ ಬರುತ್ತೇನೆ.

ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಹೋಗುವವರು ಜಿಲ್ಲಾಡಳಿತದ ಮಳೆ ಎಚ್ಚರಿಕೆಯನ್ನು ದಿನಾ ನೋಡಲೇಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಮನೆ, ತೋಟ, ಜನ ಎಲ್ಲ ಹೋದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿಯಿತು. ಆ ಜಾಗಗಳಿಗೆ ‘ಸ್ಲೈಡ್ ಆದದ್ದು ತೋರಿಸಿ’ ಎಂದು ಆಟೋ ಮಾಡಿಕೊಂಡು ಹೋಗುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಮಣ್ಣಿನ ಮೇಲೆ ಈಗ ಹಸಿರು ಬಂದಿದೆ, ಅದರಡಿ ಯಾರದೋ ಅಡುಗೆಮನೆ ಇದೆ.

ಹೆಜ್ಜೆ 2: ಮಡಿಕೇರಿಯಲ್ಲಿ ಅರ್ಧ ದಿನ, ಉಳಿದದ್ದು ಹೊರಗೆ

ಕೊಡಗಿಗೆ ರೈಲಿಲ್ಲ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್, ಬಸ್ಸು ಧಾರಾಳ. ದಕ್ಷಿಣ ಕೊಡಗಿಗಾದರೆ ನಾನು ಬರುವ ಹುಣಸೂರು–ಗೋಣಿಕೊಪ್ಪಲು ದಾರಿ ಚೆನ್ನ. ವಾಸ್ತವ್ಯಕ್ಕೆ ವಿರಾಜಪೇಟೆ, ನಾಪೋಕ್ಲು ಅಥವಾ ಕಕ್ಕಬ್ಬೆ ಆರಿಸಿಕೊಳ್ಳಿ. ಒಳದಾರಿಗಳಿಗೆ ಖಾಸಗಿ ಬಸ್ಸುಗಳಿವೆ, ಬೆಳಿಗ್ಗೆ ಹೆಚ್ಚು, ಮಧ್ಯಾಹ್ನ ಕಡಿಮೆ. ಕಾರಿದ್ದವರೂ ಒಂದು ದಿನವಾದರೂ ಬಸ್ಸಿನಲ್ಲೇ ಓಡಾಡಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವ ನುಡಿ, ಕನ್ನಡ ಎಲ್ಲವೂ ಒಂದೇ ಬಸ್ಸಿನಲ್ಲಿ ಕಿವಿಗೆ ಬೀಳುತ್ತವೆ.

ಮಡಿಕೇರಿಯ ಅರ್ಧ ದಿನವನ್ನು ಕಟ್ಟಡಗಳಿಗೆ ಕೊಡಿ. ಕೋಟೆಯೊಳಗೆ ನಿಜವಾದ ಆನೆಯಷ್ಟೇ ಗಾತ್ರದ ಎರಡು ಗಾರೆ ಆನೆಗಳಿವೆ. ಅಲ್ಲೇ ಹಳೆಯ ಚರ್ಚೊಂದು ಈಗ ವಸ್ತುಸಂಗ್ರಹಾಲಯವಾಗಿದೆ. ಇದೇ ಕೋಟೆಯಲ್ಲಿ 1837ರ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಬ್ರಿಟಿಷರು ಗಲ್ಲಿಗೇರಿಸಿದರು. 1857ಕ್ಕಿಂತ ಇಪ್ಪತ್ತು ವರ್ಷ ಮೊದಲೇ ಎದ್ದ ಅಮರ ಸುಳ್ಯ ಹೋರಾಟದ ಮುಂದಾಳು ಅವರು. ಆನೆಗಳ ಮುಂದೆ ಸೆಲ್ಫಿ ತೆಗೆಯುವವರಲ್ಲಿ ಹೆಚ್ಚಿನವರಿಗೆ ಆ ಹೆಸರು ಗೊತ್ತಿಲ್ಲ ಎಂಬುದು ನನಗೆ ಪ್ರತಿ ಸಲವೂ ನೋವಿನ ಸಂಗತಿ.

ಕೆಳಗಿಳಿದರೆ 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ, ಮುಂದೆ ಕೊಳ, ಕೊಳದ ನಡುವೆ ಮಂಟಪ. ದೂರದಿಂದ ಮಸೀದಿಯೆನಿಸುತ್ತದೆ, ಒಳಗೆ ಶಿವಲಿಂಗವಿದೆ. ಊರಿನ ಇನ್ನೊಂದು ತುದಿಯ ಗದ್ದಿಗೆಯೂ ಹಾಗೇ. ಲಿಂಗಾಯತ ಅರಸರ ಸಮಾಧಿಗಳ ಮೇಲೆ ಗುಮ್ಮಟ ನಿಂತಿದೆ. ‘ಇದು ಯಾರದು?’ ಎಂದು ನೋಡಿದ ಕೂಡಲೇ ಹೇಳಲಾಗದ ಕಟ್ಟಡಗಳಿವು.

ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಬ್ರಿಟಿಷರು 1834ರಲ್ಲಿ ಪಟ್ಟದಿಂದ ಇಳಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದ. ಮಗಳಿಗೆ ಅಲ್ಲಿ ಕ್ರೈಸ್ತ ದೀಕ್ಷೆಯಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಅರಸ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ, ಮಗಳು 1864ರಲ್ಲಿ. ಈ ಕಥೆ ತಲೆಯಲ್ಲಿಟ್ಟುಕೊಂಡು ಕಕ್ಕಬ್ಬೆಯ ಬಳಿ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿರುವ ನಾಲ್ಕುನಾಡು ಅರಮನೆಗೆ ಹೋಗಿ. 1792ರಿಂದ 94ರ ನಡುವೆ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಅರಮನೆಯೆಂದು ದೊಡ್ಡದಾಗಿ ಊಹಿಸಿಕೊಂಡವರಿಗೆ ದೊಡ್ಡ ಮನೆಯೊಂದು ಕಾಣಿಸುತ್ತದೆ. ಮರದ ಕೆತ್ತನೆಯನ್ನೂ ಗೋಡೆಯ ಚಿತ್ರಗಳನ್ನೂ ನಿಧಾನವಾಗಿ ನೋಡಿ.

ಹೆಜ್ಜೆ 3: ನಾಲ್ಕು ಮಾತು ಕಲಿಯಿರಿ, ಗೊತ್ತಿರುವ ಮಾತನ್ನು ನಂಬಬೇಡಿ

ಕೊಡವ ತಕ್ಕ್ ಕೇಳಿದರೆ ಕನ್ನಡಿಗರಿಗೆ ಅರ್ಧ ಅರ್ಥವಾದಂತೆ ಅನಿಸುತ್ತದೆ. ಅಪಾಯ ಇರುವುದು ಅಲ್ಲೇ. ಹಿರಿಯರೊಬ್ಬರು ತಮ್ಮ ಮನೆತನದಲ್ಲಿ ಹಿಂದೆ ಆದ ‘ನರಿ ಮಂಗಲ’ದ ಬಗ್ಗೆ ಹೇಳಿದಾಗ ನಾನು ನರಿಯ ಮದುವೆ ಎಂದು ಬರೆದುಕೊಂಡೆ, ಊರಿಗೆ ಬಂದು ಹಾಗೇ ಹೇಳಿಯೂ ಬಿಟ್ಟೆ. ಕೊಡವ ತಕ್ಕ್‌ನಲ್ಲಿ ನರಿ ಎಂದರೆ ಹುಲಿ. ಹುಲಿ ಹೊಡೆದ ಬೇಟೆಗಾರನನ್ನು ಮದುಮಗನಂತೆ ಸಿಂಗರಿಸಿ, ಸತ್ತ ಹುಲಿಯ ಬಳಿ ಕೂರಿಸಿ ಊರವರು ಗೌರವಿಸುತ್ತಿದ್ದ ಆಚರಣೆ ಅದು. ಬೇಟೆ ಕಾನೂನಿನಿಂದ ನಿಂತಮೇಲೆ ಅದೂ ನಿಂತಿತು, ಮನೆತನದ ನೆನಪಿನಲ್ಲಿ ಮಾತ್ರ ಉಳಿದಿದೆ. ಒಬ್ಬ ಮನುಷ್ಯನ ಮುತ್ತಜ್ಜನ ಹಿರಿಮೆಯನ್ನು ನಾನು ಮಕ್ಕಳ ಕಥೆ ಮಾಡಿಬಿಟ್ಟಿದ್ದೆ. ಈಗ ಪ್ರತಿ ಪದಕ್ಕೂ ‘ಅಂದರೆ ಯಾವುದು?’ ಎಂದು ಇನ್ನೊಮ್ಮೆ ಕೇಳುತ್ತೇನೆ.

ಕಲಿಯಲೇಬೇಕಾದ ಪದಗಳು ಇವು. ಒಕ್ಕ ಎಂದರೆ ಒಂದೇ ಮೂಲಪುರುಷನಿಂದ ಬೆಳೆದ ಮನೆತನ. ಆ ಮೂಲಪುರುಷ ಕಾರೋಣ. ಒಕ್ಕದ ಮೂಲಮನೆ ಐನ್‌ಮನೆ, ಒಕ್ಕದ ಹಿರಿಯ ಪಟ್ಟೆದಾರ. ಊರಿನವರು ಕೂಡುವ ಬಯಲು ಮಂದ್. ಮನೆತನದ ಹೆಸರು ಮನೆಪೆದ. ಕೊಡವರಲ್ಲಿ ಯಾರನ್ನು ಪರಿಚಯಿಸಿಕೊಂಡರೂ ಮನೆಪೆದ ಮೊದಲು, ಸ್ವಂತ ಹೆಸರು ಆಮೇಲೆ. ಆ ಮನೆಪೆದಗಳ ಕೊನೆಯಲ್ಲಿ ಬರುವ ‘ಅಂಡ’ವನ್ನು ಗಮನಿಸಿ. ಕನ್ನಡದ ‘ಅವನ’ ಎಂಬುದಕ್ಕೆ ಕೊಡವ ತಕ್ಕ್‌ನಲ್ಲಿ ‘ಅವಂಡ’. ಯಾರದು ಎಂಬ ಪ್ರಶ್ನೆಗೆ ಉತ್ತರ ಹೆಸರಿನಲ್ಲೇ ಕೂತಿದೆ.

ಹಾಗೆಂದು ಎದುರು ಸಿಕ್ಕವರನ್ನೆಲ್ಲ ಕೊಡವರೆಂದು ತಿಳಿಯುವುದು ತಪ್ಪು. ಅರೆಭಾಷೆ ಮಾತಾಡುವ ಗೌಡರಿದ್ದಾರೆ, ಅವರಿಗೂ ಐನ್‌ಮನೆಗಳಿವೆ. ಹೆಗ್ಗಡೆ, ಐರಿ, ಕೆಂಬಟ್ಟಿ, ಅಮ್ಮ ಕೊಡವ ಹೀಗೆ ಕೊಡವ ತಕ್ಕ್ ಆಡುವ ಹಲವು ಸಮುದಾಯಗಳಿವೆ. ಕೊಡವ ಮನೆಪೆದವನ್ನೇ ಇಟ್ಟುಕೊಂಡ, ಕೊಡವ ತಕ್ಕ್‌ನಲ್ಲೇ ಮಾತಾಡುವ ಮುಸ್ಲಿಂ ಕುಟುಂಬಗಳಿವೆ. ನಾಪೋಕ್ಲು ಬಳಿಯ ಎಮ್ಮೆಮಾಡು ದರ್ಗಾದ ಉರೂಸಿಗೆ ಹೋದರೆ ಯಾರು ಯಾವ ಧರ್ಮದವರೆಂದು ಗುಂಪಿನಲ್ಲಿ ಹೇಳಲು ನಿಮ್ಮಿಂದಾಗದು. ಎರವರು, ಜೇನು ಕುರುಬರು, ಬೆಟ್ಟ ಕುರುಬರು, ಕುಡಿಯರು ಇವರೆಲ್ಲರ ನುಡಿಯೂ ಬೇರೆ, ಬದುಕೂ ಬೇರೆ. ‘ನೀವು ಯಾವ ಜಾತಿ?’ ಎನ್ನುವ ಪ್ರಶ್ನೆ ಎಲ್ಲೂ ಬೇಡ. ‘ನಿಮ್ಮ ಮನೆಯಲ್ಲಿ ಏನು ಮಾತಾಡುತ್ತೀರಿ?’ ಎಂದು ಕೇಳಿ, ಅದಕ್ಕೆ ಜನ ನಕ್ಕು ಉತ್ತರಿಸುತ್ತಾರೆ.

ಹೆಜ್ಜೆ 4: ಐನ್‌ಮನೆಗೆ ಹೋಗುವ ಕ್ರಮ

ಕೊಡಗಿನಲ್ಲಿ ನೋಡಲೇಬೇಕಾದ ಒಂದೇ ಒಂದು ಜಾಗ ಹೇಳಿ ಎಂದರೆ ನಾನು ಯಾವ ಜಲಪಾತವನ್ನೂ ಹೇಳುವುದಿಲ್ಲ, ಒಂದು ಐನ್‌ಮನೆ ಎನ್ನುತ್ತೇನೆ. ಇದು ಟಿಕೆಟ್ ಕೊಂಡು ನೋಡುವ ಜಾಗವಲ್ಲ, ಯಾರದೋ ಮನೆ. ಹಾಗಾಗಿ ಕ್ರಮ ಮುಖ್ಯ.

ಮೊದಲು ಪರಿಚಯ ಬೇಕು. ನೀವು ಉಳಿದುಕೊಂಡ ಹೋಂಸ್ಟೇಯವರನ್ನು, ಇಲ್ಲವೇ ಊರಿನ ಅಂಗಡಿಯವರನ್ನು ಕೇಳಿ. ಅವರು ಒಂದು ಫೋನು ಮಾಡಿದರೆ ಸಾಕು. ಪರಿಚಯವಿಲ್ಲದೆ ಓಣಿಯೊಳಗೆ ಕಾರು ನುಗ್ಗಿಸಬಾರದು. ಬೆಳಿಗ್ಗೆ ಎದ್ದಾಗ ಆ ಊರಿನ ಕಡೆಯಿಂದ ಎರಡು ಗುಂಡಿನ ಶಬ್ದ ಕೇಳಿತೇ? ಹಾಗಿದ್ದರೆ ಅವತ್ತು ಹೋಗಬೇಡಿ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಎಂಬುದು ಇಲ್ಲಿನ ಹಳೆಯ ರೂಢಿ. ಸಾವಿನ ಮನೆಗೆ ಊರಿಗೆ ಊರೇ ಹೋಗುತ್ತದೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿಯಿದೆ. ಕೋವಿ ಅವರಿಗೆ ಆಯುಧವಷ್ಟೇ ಅಲ್ಲ, ಹುಟ್ಟುಸಾವಿನ ಸುದ್ದಿ ಮುಟ್ಟಿಸುವ ದನಿಯೂ ಹೌದು.

ಓಣಿಯ ಬಾಯಲ್ಲೇ ಇಳಿದು ನಡೆಯಿರಿ. ಎರಡೂ ಬದಿ ಎತ್ತರದ ಮಣ್ಣಿನ ದಂಡೆ, ಪಾಚಿ, ಮೇಲೆ ಮರಗಳ ಚಪ್ಪರ. ಓಣಿ ತಿರುಗಿ ತಿರುಗಿ ಹೋಗುತ್ತದೆ, ಮನೆ ಕೊನೆಯವರೆಗೂ ಕಾಣುವುದಿಲ್ಲ. ಹಿಂದೆ ದಾಳಿ ಬಂದಾಗ ಅಡ್ಡಗಟ್ಟಲು ಇದು ಅನುಕೂಲವಾಗಿತ್ತು ಎಂದು ಹಿರಿಯರು ವಿವರಿಸುತ್ತಾರೆ. ಮನೆಯ ಹತ್ತಿರ ಚಿಕ್ಕ ಗುಡಿಯಂಥದ್ದು ಕಂಡರೆ ಅದು ಕೈಮಡ, ಕಾರೋಣನ ನೆಲೆ. ಎದುರು ನಿಂತು ಕೈಮುಗಿಯುವುದು ಒಳ್ಳೆಯದು. ಮುಟ್ಟಬೇಡಿ, ಅಲ್ಲಿಟ್ಟ ವಸ್ತುಗಳನ್ನು ಎತ್ತಿ ನೋಡಬೇಡಿ.

ಮನೆಯ ಮುಂದಿನ ಜಗಲಿಯಾದ ಕೈಯಾಲೆಯಲ್ಲಿ ಕೆತ್ತನೆಯ ಕಂಬಗಳ ನಡುವೆ ಅಗಲವಾದ ಮರದ ಹಲಗೆ ಇರುತ್ತದೆ, ಅದು ಐಮರ. ಆಯಾಸವಾಗಿದೆಯೆಂದು ತಟ್ಟನೆ ಕೂತುಬಿಡಬೇಡಿ, ಅದು ಹಿರಿಯರು ಕೂರುವ ಜಾಗ. ಕೂರಿ ಎಂದಮೇಲೆ ಕೂರಿ. ಒಳಗೆ ನೆಲ್ಲಕ್ಕಿ ನಡುಬಾಡೆ ಎಂಬ ನಡುಕೋಣೆ, ಅಲ್ಲಿ ತೂಗುವ ದೀಪ. ಕೊಡವರ ಮದುವೆಗೆ ಪುರೋಹಿತರು ಬೇಕಿಲ್ಲ. ಈ ದೀಪ, ಹಿರಿಯರ ಅಕ್ಕಿ, ಆಶೀರ್ವಾದ ಇಷ್ಟರಲ್ಲೇ ಮದುವೆ ನಡೆಯುತ್ತದೆ. ಅದನ್ನು ತಿಳಿದು ದೀಪ ನೋಡಿದರೆ ಆ ಚಿಕ್ಕ ಕತ್ತಲೆ ಕೋಣೆ ಎಷ್ಟು ದೊಡ್ಡದು ಎಂದು ಅರಿವಾಗುತ್ತದೆ. ಫೋಟೋ ತೆಗೆಯುವುದಿದ್ದರೆ ಕೇಳಿ. ಹೊರಗಿನ ಕಂಬಗಳಿಗೆ ಹೆಚ್ಚಿನವರು ಒಪ್ಪುತ್ತಾರೆ, ದೀಪಕ್ಕೆ ಒಪ್ಪದಿದ್ದರೆ ಇನ್ನೊಮ್ಮೆ ಕೇಳಬೇಡಿ.

ಅನೇಕ ಐನ್‌ಮನೆಗಳಲ್ಲಿ ಈಗ ಒಬ್ಬರೋ ಇಬ್ಬರೋ ಇರುತ್ತಾರೆ. ನೂರಾರು ಜನರ ಒಕ್ಕ ಬೆಂಗಳೂರು, ಮೈಸೂರು, ಸೈನ್ಯ, ವಿದೇಶ ಎಂದು ಹರಡಿದೆ. ಪುತ್ತರಿಗೆ ಎಲ್ಲರೂ ಬರುತ್ತಾರೆ. ನನ್ನ ಅದೃಷ್ಟಕ್ಕೆ ಒಂದು ವರ್ಷ ಪುತ್ತರಿ ರಾತ್ರಿ ಒಂದು ಮನೆಯ ಜೊತೆ ಗದ್ದೆಗೆ ಹೋಗುವ ಅವಕಾಶ ಸಿಕ್ಕಿತು. ಬೆಳದಿಂಗಳು, ಮಂಜು, ಕಾಲಡಿ ತಣ್ಣನೆ ಬದು. ಮುಹೂರ್ತಕ್ಕೆ ಸರಿಯಾಗಿ ಗುಂಡು ಹಾರಿತು, ಕದಿರು ಕೊಯ್ದರು. ‘ಪೊಲಿ ಪೊಲಿ ದೇವಾ’ ಎಂದು ಒಂದು ಗದ್ದೆಯಲ್ಲಿ ಎದ್ದ ಕೂಗಿಗೆ ಪಕ್ಕದ ಗದ್ದೆಯಿಂದ, ಅದರಾಚೆಯ ಕಣಿವೆಯಿಂದ ಮರುಕೂಗು ಬಂತು. ನಾನು ಆ ಮನೆಯವನಲ್ಲ, ಆ ಭಾಷೆಯವನಲ್ಲ. ಆದರೂ ಕೂಗಿದೆ. ಬೇಡವೆಂದು ಯಾರೂ ಹೇಳಲಿಲ್ಲ.

ಹೆಜ್ಜೆ 5: ದೇವರಕಾಡಿನ ಹೊರಗೆ ನಿಲ್ಲುವುದು

ಕೊಡಗಿನಲ್ಲಿ 1,214 ದೇವರಕಾಡುಗಳು ದಾಖಲೆಯಲ್ಲಿವೆ, ಒಟ್ಟು ಸುಮಾರು 2,550 ಹೆಕ್ಟೇರ್. ಹೆಚ್ಚುಕಮ್ಮಿ ಪ್ರತಿ ಊರಿಗೂ ಒಂದಿದೆ, ಕೆಲವು ಊರಿಗೆ ಎರಡು ಮೂರು. ಸುತ್ತ ಕಾಫಿ ತೋಟವಾದರೂ ನಡುವೆ ಆ ಒಂದು ತುಂಡು ಕಾಡು ಮಾತ್ರ ಹಿಂದಿನಂತೆಯೇ ಉಳಿದಿರಲು ಕಾರಣ ಅಲ್ಲಿನ ಸೌದೆಯನ್ನೂ ಮುಟ್ಟಬಾರದೆಂಬ ಊರಿನ ಕಟ್ಟಳೆ. ಒತ್ತುವರಿಯೂ ಆಗಿದೆ, ಅದನ್ನು ಊರಿನವರೇ ಸಂಕಟದಿಂದ ಹೇಳುತ್ತಾರೆ.

ಅಯ್ಯಪ್ಪನ ದೇವರಕಾಡುಗಳಲ್ಲಿ ಕಾಣಬಹುದಾದ ಒಂದು ದೃಶ್ಯ ನನ್ನನ್ನು ಬಹಳ ದಿನ ಕಾಡಿತು. ಮರದ ಬುಡದಲ್ಲಿ ಮಣ್ಣಿನ ನಾಯಿಗಳು. ಕೆಲವು ಹೊಸವು, ಕೆಲವು ಕಿವಿ ಮುರಿದು ಪಾಚಿ ಹಿಡಿದವು, ಕೆಲವು ಮತ್ತೆ ಮಣ್ಣಾಗುತ್ತಿರುವವು. ಇಲ್ಲಿನ ಅಯ್ಯಪ್ಪ ಬೇಟೆಯ ದೇವರು, ಬೇಟೆಗೆ ನಾಯಿ ಬೇಕು, ಆದ್ದರಿಂದ ಹರಕೆ ನಾಯಿ. ಒಂದನ್ನೂ ಎತ್ತಬೇಡಿ, ನೆಟ್ಟಗೆ ನಿಲ್ಲಿಸಲೂ ಹೋಗಬೇಡಿ. ಬಿದ್ದದ್ದು ಬಿದ್ದ ಹಾಗೆಯೇ ಇರಬೇಕು.

ಒಳಗೆ ಹೋಗಬಹುದೇ ಎಂಬುದು ಆಯಾ ಊರಿನ ಕಟ್ಟು. ಕೆಲವೆಡೆ ಹಬ್ಬದ ದಿನ ಮಾತ್ರ, ಕೆಲವೆಡೆ ಹೆಂಗಸರಿಗೆ ಇಲ್ಲ, ಕೆಲವೆಡೆ ಚಪ್ಪಲಿ ಬಿಟ್ಟರೆ ಸಾಕು. ಕೇಳದೆ ಹೋಗಬಾರದು. ಒಮ್ಮೆ ದಾರಿಬದಿಯ ಕಾಡೆಂದು ತಿಳಿದು ನಾನು ಒಳಗೆ ನಾಲ್ಕು ಹೆಜ್ಜೆ ಇಟ್ಟಿದ್ದೆ. ಹಸು ಮೇಯಿಸುತ್ತಿದ್ದ ಹೆಂಗಸೊಬ್ಬರು ‘ಅಲ್ಲಿಗೆ ನಾವೇ ಹೋಗುವುದಿಲ್ಲ’ ಎಂದರು. ಬೈಗುಳ ಇರಲಿಲ್ಲ, ಗದರಿಕೆ ಇರಲಿಲ್ಲ. ಆದರೂ ನನಗೆ ಆ ಮಾತು ಇವತ್ತಿಗೂ ಕೇಳಿಸುತ್ತದೆ. ಹೊರಗೆ ನಿಂತು ನೋಡಿದರೂ ಬೇಕಾದಷ್ಟು ಸಿಗುತ್ತದೆ. ತೋಟದ ಬಿಸಿಲು ಮುಗಿದು ಕಾಡಿನ ನೆರಳು ಶುರುವಾಗುವ ಗೆರೆಯಲ್ಲಿ ಐದು ನಿಮಿಷ ಸುಮ್ಮನೆ ನಿಂತುಕೊಳ್ಳಿ. ಗಾಳಿ ತಂಪಾಗುವುದು ಚರ್ಮಕ್ಕೆ ತಿಳಿಯುತ್ತದೆ, ಹಕ್ಕಿಗಳ ಸದ್ದು ಬದಲಾಗುತ್ತದೆ. ಮಳೆಗಾಲದಲ್ಲಾದರೆ ಕಾಲಿಗೆ ಸುಣ್ಣವೋ ಉಪ್ಪೋ ಹಚ್ಚಿಕೊಂಡಿರಿ, ಜಿಗಣೆಗಳಿಗೆ ಗೆರೆಯ ಲೆಕ್ಕವಿಲ್ಲ.

ಹಳೆಯ ಕುರುಹುಗಳ ಹುಚ್ಚಿರುವವರಿಗೆ ಇನ್ನೂ ಎರಡು. ಒಂದು ಕಡಂಗ: ಗುಡ್ಡದುದ್ದಕ್ಕೂ ತೋಡಿದ ಆಳವಾದ ಕಂದಕ, ಪಕ್ಕದಲ್ಲಿ ಎತ್ತರದ ಮಣ್ಣಿನ ದಿಬ್ಬ. ನಾಡುಗಳ ಗಡಿಗೆ, ಯುದ್ಧಕ್ಕೆ ತೋಡಿದವು. ತೋಟಗಳ ನಡುವೆ ಮರ ಬೆಳೆದು ಮುಚ್ಚಿವೆ, ತೋರಿಸುವವರಿಲ್ಲದೆ ಕಾಣುವುದಿಲ್ಲ. ಇನ್ನೊಂದು ಉತ್ತರದಲ್ಲಿ ಶನಿವಾರಸಂತೆ ಬಳಿಯ ಮುಳ್ಳೂರಿನ ಬಸದಿಗಳು, ಹನ್ನೊಂದನೇ ಶತಮಾನದ ಕೊಂಗಾಳ್ವರ ಕಾಲದವು. ಕೊಡಗೆಂದರೆ ಜೈನ ಬಸದಿ ಯಾರಿಗೂ ನೆನಪಾಗುವುದಿಲ್ಲ, ಅದಕ್ಕೇ ಅಲ್ಲಿ ನೀವೊಬ್ಬರೇ ಇರುತ್ತೀರಿ.

ಹೆಜ್ಜೆ 6: ಬೈಗುಳದ ಹಬ್ಬದಲ್ಲಿ ಹೇಗಿರಬೇಕು

ಮೇ ತಿಂಗಳ ಒಂದು ಗುರುವಾರ ಗೋಣಿಕೊಪ್ಪಲು, ತಿತಿಮತಿ, ಪೊನ್ನಂಪೇಟೆ ಕಡೆ ಇದ್ದರೆ ದಾರಿಯಲ್ಲಿ ಬಸ್ಸು ನಿಲ್ಲಿಸುವ ಗುಂಪುಗಳು ಎದುರಾಗುತ್ತವೆ. ಗಂಡಸರು ಸೀರೆ, ರವಿಕೆ, ನೈಟಿ ತೊಟ್ಟಿರುತ್ತಾರೆ, ಮುಖಕ್ಕೆ ಬಣ್ಣ, ಕೈಯಲ್ಲಿ ಸೋರೆ ಬುರುಡೆ ಅಥವಾ ಪ್ಲಾಸ್ಟಿಕ್ ಕ್ಯಾನು. ಬಡಿಯುತ್ತ, ಕುಣಿಯುತ್ತ, ಬಾಯಿತುಂಬ ಬೈಯುತ್ತ ಕಾಸು ಕೇಳುತ್ತಾರೆ. ಇದು ಕುಂಡೆ ಹಬ್ಬ, ಬೇಡು ಹಬ್ಬವೆಂದೂ ಕರೆಯುತ್ತಾರೆ. ಜೇನು ಕುರುಬರು, ಎರವರು ಮುಂತಾದ ಆದಿವಾಸಿಗಳ ಹಬ್ಬ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ದೇವರಪುರದ ದೇವಸ್ಥಾನ ಸೇರುತ್ತಾರೆ.

ಯಾಕೆ ಬೈಯುತ್ತಾರೆ? ಅವರು ಹೇಳುವ ಕಥೆ ಹೀಗಿದೆ. ಅಯ್ಯಪ್ಪ ಇವರನ್ನೆಲ್ಲ ಬೇಟೆಗೆಂದು ಕಾಡಿಗೆ ಕರೆದುಕೊಂಡು ಹೋದ. ಅಲ್ಲಿ ಭದ್ರಕಾಳಿ ಸಿಕ್ಕಳು, ಇವರನ್ನು ನಡುಗಾಡಿನಲ್ಲಿ ಬಿಟ್ಟು ಅವಳ ಹಿಂದೆ ಹೋದ. ಕೈಬಿಟ್ಟ ದೇವರಿಗೆ ವರ್ಷಕ್ಕೊಮ್ಮೆ ಬೈಗುಳ. ಕೊನೆಗೆ ಗುಡಿಯಲ್ಲಿ ತಪ್ಪಾಯಿತೆಂದು ಹರಕೆ ಒಪ್ಪಿಸುತ್ತಾರೆ.

ನೋಡಲು ಹೋಗುವವರಿಗೆ ನಾಲ್ಕು ಮಾತು. ಹತ್ತು ಇಪ್ಪತ್ತರ ಚಿಲ್ಲರೆ ಕೈಯಲ್ಲಿರಲಿ, ಕೇಳಿದವರಿಗೆ ಕೊಡಿ. ಬೈಗುಳ ನಿಮ್ಮ ಮೇಲೆ ಬಿದ್ದರೆ ಸಿಟ್ಟಾಗಬೇಡಿ, ಅವತ್ತು ಪೊಲೀಸರನ್ನೂ ಬಿಡುವುದಿಲ್ಲ. ಮಕ್ಕಳೊಂದಿಗೆ ಹೋಗುವವರು ಮಾತುಗಳು ಹಸಿಯಾಗಿರುತ್ತವೆ ಎಂದು ತಿಳಿದೇ ಹೋಗಬೇಕು. ಮುಖದ ಹತ್ತಿರ ಮೊಬೈಲ್ ಹಿಡಿಯಬೇಡಿ. ಇಲ್ಲಿ ಕುಣಿಯುವವರಲ್ಲಿ ಹಲವರು ಮರುದಿನ ತೋಟದ ಕೆಲಸಕ್ಕೆ ಹೋಗುವವರು, ಲೈನ್ ಮನೆಗಳಲ್ಲಿ ಇರುವವರು. ನಿಮ್ಮ ಒಂದು ವಿಡಿಯೋ ಅವರ ಮೇಲ್ವಿಚಾರಕ ರೈಟರ ಮೊಬೈಲಿಗೆ ತಲುಪಬಹುದು. ವರ್ಷವಿಡೀ ತಲೆ ತಗ್ಗಿಸಿ ದುಡಿಯುವ ಜನ ಒಂದು ದಿನ ಎಲ್ಲರಿಗೂ, ದೇವರಿಗೂ, ಬಾಯಿಬಿಟ್ಟು ಬೈಯುವ ಹಕ್ಕು ಪಡೆದಿದ್ದಾರೆ. ಅದನ್ನು ವಿಚಿತ್ರವೆಂದು ನೋಡಿ ನಗುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಆದಿವಾಸಿಗಳು ವಾಸಿಸುವ ಹಾಡಿಗಳಿಗೆ ‘ಟ್ರೈಬಲ್ ವಿಸಿಟ್’ ಎಂದು ಕರೆದೊಯ್ಯುವವರ ಜೊತೆ ಹೋಗಲೇಬೇಡಿ. ಕರೆದವರಿದ್ದರೆ ಹೋಗಿ, ಇಲ್ಲದಿದ್ದರೆ ಅದು ಯಾರದೋ ಅಂಗಳ.

ಹೆಜ್ಜೆ 7: ಗ್ಯಾಲರಿಯಲ್ಲಿ ಒಂದು ಮಧ್ಯಾಹ್ನ

ಹಾಕಿ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಕೊಡವ ಕೌಟುಂಬಿಕ ಹಾಕಿಗೆ ಹೋಗಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದರು, ಮೊದಲ ವರ್ಷ 60 ಕುಟುಂಬಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಕೂಟದಲ್ಲಿ 360 ತಂಡಗಳಿದ್ದವು. ಪ್ರತಿ ವರ್ಷ ಬೇರೆ ಒಕ್ಕ ಹೊಣೆ ಹೊರುತ್ತದೆ, ಕೂಟಕ್ಕೆ ಆ ಒಕ್ಕದ್ದೇ ಹೆಸರು. ಅಜ್ಜ, ಸೊಸೆ, ಶಾಲೆಗೆ ಹೋಗುವ ಹುಡುಗಿ, ರಜೆಗೆ ಬಂದ ಸೈನಿಕ ಒಂದೇ ತಂಡದಲ್ಲಿರಬಹುದು. ಗ್ಯಾಲರಿಯಲ್ಲಿ ಪಕ್ಕದವರನ್ನು ‘ಯಾವ ತಂಡ ನಿಮ್ಮದು?’ ಎಂದು ಕೇಳಿದರೆ ಸಾಕು. ಸಂಜೆಯೊಳಗೆ ಒಂದು ಐನ್‌ಮನೆಗೆ ಆಹ್ವಾನ ಸಿಕ್ಕರೂ ಆಶ್ಚರ್ಯವಿಲ್ಲ. ನನಗೆ ಸಿಕ್ಕ ಪರಿಚಯಗಳಲ್ಲಿ ಅರ್ಧ ಅಲ್ಲಿಯವೇ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಂದಿಕರಿ, ಕಡಂಬುಟ್ಟು ಎಲ್ಲರಿಗೂ ಗೊತ್ತು. ಮಾಂಸ ತಿನ್ನದವರು ನೂಪುಟ್ಟು, ಅಕ್ಕಿ ಒಟ್ಟಿ, ಮಳೆಗಾಲದ ಬೈಂಬಳೆ, ಅಂದರೆ ಕಳಲೆ, ಕುಮ್ಮು ಎನ್ನುವ ಅಣಬೆಯ ಸಾರು ಕೇಳಿ. ಅಂಗಡಿಯಲ್ಲಿ ಕಾಚಂಪುಳಿ ಎಂಬ ಹುಳಿರಸ ಕೊಳ್ಳುವಾಗ ಹನಿ ಬೆರಳಿಗೆ ಹಚ್ಚಿ ನೋಡಿ. ಕಪ್ಪಗೆ, ಮಂದವಾಗಿ, ನಾಲಿಗೆ ಹಿಂಡುವಷ್ಟು ಹುಳಿ ಇರಬೇಕು.

ಕುಶಾಲನಗರದ ಹತ್ತಿರ ಉಳಿದವರು ಕಾವೇರಿ ದಾಟಿ ಬೈಲುಕುಪ್ಪೆಗೂ ಹೋಗುತ್ತಾರೆ. ಅದು ಕೊಡಗಲ್ಲ, ಮೈಸೂರು ಜಿಲ್ಲೆ. 1960ರ ದಶಕದ ಆರಂಭದಿಂದ ಟಿಬೆಟನ್ನರು ಅಲ್ಲಿದ್ದಾರೆ. ನಮ್‌ಡ್ರೋಲಿಂಗ್ ಮಠದ ಚಿನ್ನದ ಬುದ್ಧನ ಮುಂದೆ ಎಲ್ಲರೂ ನಿಲ್ಲುತ್ತಾರೆ. ಹೊರಗೆ ಜೋಳದ ಹೊಲಗಳಲ್ಲಿ ಕನ್ನಡ ಮಾತಾಡುವ ಟಿಬೆಟನ್ ಹಿರಿಯರನ್ನು ಮಾತಾಡಿಸುವವರು ಕಡಿಮೆ.

ಹೆಜ್ಜೆ 8: ರಾತ್ರಿ ಬರೆಯಿರಿ, ಬೆಳಿಗ್ಗೆ ಕೇಳಿ

ಹಗಲೆಲ್ಲ ನೋಟ್‌ಬುಕ್ ಹಿಡಿದು ನಿಂತರೆ ಜನ ಮಾತು ನಿಲ್ಲಿಸುತ್ತಾರೆ. ನಾನು ಹಗಲಲ್ಲಿ ಹೆಸರು ಮತ್ತು ಪದಗಳನ್ನು ಮಾತ್ರ ಗೀಚಿಕೊಂಡು ಉಳಿದದ್ದನ್ನು ರಾತ್ರಿ ಬರೆಯುತ್ತೇನೆ. ಪ್ರತಿ ಟಿಪ್ಪಣಿಗೂ ಮೂರು ಸಾಲು: ಏನು ಕಂಡೆ, ಯಾರದು, ಯಾರು ಹೇಳಿದರು. ಮರುದಿನ ಅದೇ ವಿಷಯವನ್ನು ಇನ್ನೊಬ್ಬರ ಬಳಿ ಕೇಳುತ್ತೇನೆ. ಇಬ್ಬರ ಮಾತು ಬೇರೆಯಾದರೆ ಎರಡನ್ನೂ ಬರೆದಿಡುತ್ತೇನೆ. ಒಂದೇ ಹಬ್ಬವನ್ನು ಎರಡು ನಾಡಿನವರು ಎರಡು ರೀತಿ ಮಾಡುತ್ತಾರೆ, ಇಬ್ಬರೂ ಸರಿ.

ಯಾರ ಮನೆಯ ಫೋಟೋ ತೆಗೆದಿದ್ದೀರೋ ಅವರಿಗೆ ಅದರ ಪ್ರತಿ ಮುಟ್ಟಿಸಿ. ವಾಟ್ಸ್‌ಆ್ಯಪ್ ಸಾಲದು, ಐನ್‌ಮನೆಯಲ್ಲಿರುವ ಹಿರಿಯರಿಗೆ ಕಾಗದದ ಮೇಲಿನ ಚಿತ್ರವೇ ಬೇಕು. ನಾನು ಹುಣಸೂರಿನಲ್ಲಿ ಪ್ರಿಂಟು ಹಾಕಿಸಿ, ಲಕೋಟೆಯ ಮೇಲೆ ಮನೆಪೆದ ಮೊದಲು, ಆಮೇಲೆ ಹೆಸರು, ಆಮೇಲೆ ಊರು ಬರೆದು, ಗೋಣಿಕೊಪ್ಪಲು ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತೇನೆ. ಅವರು ಲಕೋಟೆಯನ್ನು ಒಮ್ಮೆ ಓದಿ, ‘ಓ, ಅವರದಾ?’ ಎಂದು ಟಿಕೆಟ್ ಚೀಲದೊಳಗೆ ಇಟ್ಟುಕೊಳ್ಳುತ್ತಾರೆ.